ಬೆಂಚು ತೆಗೆದು ಮಂಚ ಹಾಕಿದ ಕೋಣೆ

ನಾನು ಶುಶ್ರೂಷಕಿಯಾಗಿದ್ದ 150 ಹಾಸಿಗೆಗಳ ಆಸ್ಪತ್ರೆಯಲ್ಲಿ ಸಿಬ್ಬಂದಿ ತರಬೇತಿಯ ಹೊಣೆ ನನಗೆ ಬಂದಾಗ, ತರಗತಿಗೆಂದು ಎರಡು ಜಾಗಗಳನ್ನು ತೋರಿಸಿದರು. ಒಂದು ನೆಲಮಾಳಿಗೆಯ ದೊಡ್ಡ ಸಭಾಂಗಣ. ಇನ್ನೊಂದು ಎರಡನೆಯ ಮಹಡಿಯಲ್ಲಿ, ವಾರ್ಡುಗಳ ಪಕ್ಕದಲ್ಲೇ, ಹಳೆಯ ಕೇಸ್‌ಶೀಟುಗಳನ್ನು ಪೇರಿಸಿಟ್ಟಿದ್ದ 20 ಅಡಿಗೆ 24 ಅಡಿಯ ಕೋಣೆ. ಪಾಳಿ ಬದಲಾಗುವಾಗ ರೋಗಿಗಳ ವಿವರ ಒಪ್ಪಿಸಿ ಹೊರಡುವ ಸಿಸ್ಟರ್‌ಗಳಿಗೆ ಸಿಗುವುದು ಹೆಚ್ಚೆಂದರೆ ಅರ್ಧ ಗಂಟೆ. ಅದರಲ್ಲಿ ಲಿಫ್ಟಿಗೆ ಕಾಯುವುದಕ್ಕೇ ಹತ್ತು ನಿಮಿಷ ಹೋದರೆ ಕಲಿಸುವುದೇನನ್ನು ಎಂದು ಯೋಚಿಸಿ ಚಿಕ್ಕ ಕೋಣೆಯನ್ನೇ ಕೇಳಿ ಪಡೆದೆ.

ಆದರೆ ಮೊದಲ ವಿನ್ಯಾಸದಲ್ಲಿ ನಾನೇ ಎಡವಿದೆ. ಕಾಲೇಜಿನ ತರಗತಿಯೇ ಕಣ್ಣಮುಂದಿದ್ದುದರಿಂದ, ನೆಲಕ್ಕೆ ಬಿಗಿದ ಬೆಂಚುಗಳ ನಾಲ್ಕು ಸಾಲು, ಎದುರಿಗೊಂದು ವೇದಿಕೆ, ಗೋಡೆಗೆ ಪ್ರೊಜೆಕ್ಟರ್ ಪರದೆ ಹಾಕಿಸಿದೆ. ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತಿ ಜೀವ ಉಳಿಸುವ ವಿಧಾನದ ಪಾಠದ ದಿನ ಮ್ಯಾನಿಕಿನ್ನನ್ನು (ಅಭ್ಯಾಸಕ್ಕೆ ಬಳಸುವ ಮನುಷ್ಯಾಕಾರದ ಬೊಂಬೆ) ಮೇಜಿನ ಮೇಲೆ ಮಲಗಿಸಿದೆವು. ಮೇಜು ಎತ್ತರವಾಗಿ, ಕುಳ್ಳಗಿದ್ದವರು ತುದಿಗಾಲಲ್ಲಿ ನಿಂತು ಮೊಣಕೈ ಮಡಿಸಿಯೇ ಒತ್ತುತ್ತಿದ್ದರು. ಹಿಂದಿನ ಸಾಲಿಗೆ ಏನೂ ಕಾಣಲಿಲ್ಲ. ಅಲ್ಲಿ ಕುಳಿತಿದ್ದವರು ಆಯಾಗಳು ಮತ್ತು ಸ್ವಚ್ಛತಾ ಸಿಬ್ಬಂದಿ; ಶೌಚಾಲಯದ ಬಳಿ ಕುಸಿದ ರೋಗಿಯನ್ನು ಎಷ್ಟೋ ಸಲ ಮೊದಲು ಕಾಣುವವರೇ ಅವರು.

ಬೆಂಚು, ವೇದಿಕೆ ಎರಡನ್ನೂ ಕೀಳಿಸಿ, ಮಡಚುವ ಕುರ್ಚಿಗಳನ್ನು ತರಿಸಿದೆ. ನಡುವೆ ವಾರ್ಡಿನದೇ ಒಂದು ಮಂಚವನ್ನು ಅದೇ ಹಾಸಿಗೆಯೊಂದಿಗೆ ಹಾಕಿ, ತಲೆಯ ಕಡೆಗೂ ಒಬ್ಬರು ನಿಲ್ಲುವಂತೆ ಸುತ್ತ ನಾಲ್ಕು ಅಡಿ ಜಾಗ ಬಿಟ್ಟೆವು. ಮಂಚ ಬಂದ ಮೇಲೆಯೇ ಬೇರೊಂದು ಸಂಗತಿ ಹೊರಬಿತ್ತು: ವಯಸ್ಕರ ಎದೆ 5ರಿಂದ 6 ಸೆಂಟಿಮೀಟರ್ ತಗ್ಗುವಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು, ಮೆತ್ತನೆಯ ಹಾಸಿಗೆಯಲ್ಲಿ ಒತ್ತಡದ ಒಂದಂಶವನ್ನು ಹಾಸಿಗೆಯೇ ನುಂಗಿಬಿಡುತ್ತದೆ. ಬೆನ್ನಿನಡಿ ಹಲಗೆ ಇಟ್ಟು, ತೆಗೆದು, ಎರಡನ್ನೂ ಕೈಯಾರೆ ಮಾಡಿಸಿದಾಗ ಯಾರಿಗೂ ಭಾಷಣ ಬೇಕಾಗಲಿಲ್ಲ. ಮರುದಿನವೇ ಎರಡು ವಾರ್ಡುಗಳಿಂದ ಹಲಗೆಗೆ ಬೇಡಿಕೆ ಬಂತು.

ಕೈತೊಳೆಯುವ ಬೇಸಿನ್ ಕೋಣೆಯೊಳಗೇ ಬೇಕೆಂದಾಗ ಆಡಳಿತದವರು ಪಕ್ಕದಲ್ಲೇ ಶೌಚಾಲಯವಿದೆಯಲ್ಲ ಎಂದರು. ಸೋಪು ಹಚ್ಚಿ ತೊಳೆಯಲು 40ರಿಂದ 60 ಸೆಕೆಂಡು ಬೇಕೆಂಬುದನ್ನು ಪರದೆಯ ಮೇಲೆ ತೋರಿಸಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಸೆಕೆಂಡಿನ ಮುಳ್ಳಿರುವ ಗಡಿಯಾರದ ಕೆಳಗೆ ನಿಲ್ಲಿಸಿದರೆ ಅದು ಎಷ್ಟು ದೀರ್ಘವೆಂದು ತಿಳಿಯುತ್ತದೆ ಎಂದು ವಾದಿಸಿ ಗೆದ್ದೆ. ಆ ನಲ್ಲಿಯ ಖರ್ಚು ಪ್ರೊಜೆಕ್ಟರಿಗಿಂತ ಕಡಿಮೆಯೇ ಆಯಿತು.

ಬೇಸಿನ್ನಿನ ಪಕ್ಕ, ಆಸ್ಪತ್ರೆಯ ತ್ಯಾಜ್ಯವನ್ನು ವಿಂಗಡಿಸುವುದನ್ನು ಕಲಿಸಲು ಹಳದಿ, ಕೆಂಪು, ಬಿಳಿ, ನೀಲಿ ಡಬ್ಬಿಗಳನ್ನಿಟ್ಟೆವು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಕೆಲಸಕ್ಕೆ ಸೇರಿದಾಗಲೂ ಆಮೇಲೆ ವರ್ಷಕ್ಕೊಮ್ಮೆಯಾದರೂ ಈ ತರಬೇತಿ ಕಡ್ಡಾಯ. ಓದಲು ಬಾರದವರೂ ಇದ್ದುದರಿಂದ ಚಾರ್ಟನ್ನು ನೆಚ್ಚದೆ, ಬಳಸದ ಸಿರಿಂಜು, ಡ್ರಿಪ್ ಸೆಟ್, ಗಾಜಿನ ಖಾಲಿ ಬಾಟಲಿಗಳನ್ನು ತಟ್ಟೆಯಲ್ಲಿ ಕಲಸಿಟ್ಟು ವಿಂಗಡಿಸಲು ಹೇಳುತ್ತಿದ್ದೆ. ಇದರಲ್ಲಿ ಆಯಾಗಳು ಹೊಸ ಸಿಸ್ಟರ್‌ಗಳಿಗಿಂತ ಮುಂದು.

ಅಭ್ಯಾಸಕ್ಕೆ ಅವಧಿ ಮೀರಿದ ಸಾಮಗ್ರಿಯನ್ನೇ ಬಳಸುತ್ತಿದ್ದೆವು. ಅಂಥ ಒಂದು ಡ್ರಿಪ್ ಸೆಟ್ ಟ್ರೇಯ ಜೊತೆ ವಾರ್ಡಿಗೆ ಹೊರಟಿದ್ದನ್ನು ಬಾಗಿಲಲ್ಲಿ ಹಿಡಿದ ದಿನ ನನ್ನ ಕೈ ನಡುಗಿತ್ತು. ಅಂದಿನಿಂದ ಪ್ರತಿಯೊಂದಕ್ಕೂ ‘ತರಬೇತಿಗೆ ಮಾತ್ರ’ ಎಂಬ ಕೆಂಪು ಚೀಟಿ ಅಂಟಿಸಿ, ಎಣಿಸಿ, ಬೀರುವಿಗೆ ಬೀಗ ಹಾಕುತ್ತೇವೆ. ಕೋಣೆಗೆ ಮಾತ್ರ ಬೀಗವಿಲ್ಲ. ರಾತ್ರಿ ಪಾಳಿಯವರು ಬಿಡುವಾದಾಗ ಬಂದು ಮ್ಯಾನಿಕಿನ್ ಮೇಲೆ ಅಭ್ಯಾಸ ಮಾಡಿ ಹೋಗುತ್ತಾರೆ.