ಸೇರಿಸಿ ಕಟ್ಟಿದ ಕೋಣೆಯ ಸೋರಿಕೆ: ತಪ್ಪು ಸಂದಿಯಲ್ಲಲ್ಲ, ಪೈಪಿನಲ್ಲಿತ್ತು

ರಾಯಚೂರಿನ ನಮ್ಮ ಹಳೆ ಮನೆಯ ಹಿಂದೆ ಒಂದು ಕೋಣೆ ಸೇರಿಸಿ ಕಟ್ಟಿಸಿದೆವು. ಜೋರು ಮಳೆ ಬಂದರೆ ಹತ್ತೇ ನಿಮಿಷದಲ್ಲಿ ಹಳೆ ಗೋಡೆ ಮತ್ತು ಹೊಸ ಸ್ಲ್ಯಾಬ್ ಕೂಡುವ ಸಂದಿಯಿಂದ ನೀರು ಇಳಿಯುತ್ತಿತ್ತು. ಸಣ್ಣ ಮಳೆಗೆ ಏನೂ ಇಲ್ಲ.

ಸಂದಿಗೆ ಸಿಮೆಂಟ್ ತುಂಬಿಸಿದೆ, ಬಿಟ್ಟುಕೊಂಡಿತು. ವಾಟರ್‌ಪ್ರೂಫ್ ಬಣ್ಣ ಒಂದೇ ಬೇಸಿಗೆಗೆ ಬಿರಿಯಿತು. ನಮ್ಮ ಬಿಸಿಲು ಗೊತ್ತಲ್ವಾ. ಮಾಳಿಗೆಯ ಮಳೆನೀರು ಇಳಿಯುವ ಪೈಪಿನ ಬಾಯಿಗೆ ಜಾಲರಿ ಹಾಕಿದರೆ ಬೇವಿನ ಎಲೆ ಕಟ್ಟಿಕೊಂಡು ನೀರು ಇನ್ನೂ ಜಾಸ್ತಿ ನಿಂತಿತು.

ಕೊನೆಗೆ ಮಾಳಿಗೆ ಮೇಲೆ ಹತ್ತು ಕೊಡ ನೀರು ಸುರಿದು ನೋಡಿದೆ. ಪೈಪಿನ ಬಾಯಿ ಮಾಳಿಗೆಯ ಮಟ್ಟಕ್ಕಿಂತ ಅರ್ಧ ಇಂಚು ಮೇಲಿತ್ತು. ಹಳೆ ಮಾಳಿಗೆಯ ನೀರೂ ಇಲ್ಲಿಗೇ ಬೀಳುತ್ತಿತ್ತು. ಎರಡಕ್ಕೂ 75 ಮಿ.ಮೀ. ಪೈಪ್ ಒಂದೇ, ಅದಕ್ಕೆ ಎರಡು ಎಲ್ಬೋ (90 ಡಿಗ್ರಿ ತಿರುವು) ಬೇರೆ. ಜೋರು ಮಳೆಗೆ ನೀರು ಬೇಗ ಇಳಿಯದೆ ನಿಂತು, ಸಂದಿಗೆ ನುಗ್ಗುತ್ತಿತ್ತು.

ಮೊದಲು ಹಳೆ ಮಾಳಿಗೆಗೆ ಬೇರೆ ಪೈಪ್ ಇಳಿಸಿದೆ. ಆಮೇಲೆ ಹೊಸ ಮಾಳಿಗೆಯಲ್ಲಿ ಬಾಯಿಯ ಸುತ್ತ ಒಂದೂವರೆ ಅಡಿ ಚೌಕ ಮೇಲಿನ ಗಿಲಾವು ಮಾತ್ರ ಒಡೆಸಿದೆ. ಸ್ಲ್ಯಾಬ್ ಮುಟ್ಟಬೇಡಿ. ಬಾಯಿಯನ್ನು ಒಂದು ಇಂಚು ಇಳಿಸಿ, ಸುತ್ತ ತಟ್ಟೆಯ ಹಾಗೆ ಇಳಿಜಾರು ಕೊಡಿಸಿದೆ. ಪೈಪ್ 110 ಮಿ.ಮೀ. ಆಯಿತು; ಪ್ರತಿ ಎಲ್ಬೋ ಬದಲು 45 ಡಿಗ್ರಿಯ ಎರಡು ಬೆಂಡ್. ಬುಡದಲ್ಲಿ ಡೋರ್ ಬೆಂಡ್, ಮುಚ್ಚಳ ಬಿಚ್ಚಿ ಕಸ ತೆಗೆಯೋಕೆ.

ನೆಲದ ಪೈಪಿಗೆ 10 ಅಡಿಗೆ ಒಂದೂಕಾಲು ಇಂಚು ಇಳಿಜಾರು. ಗೌಂಡಿ ಕಣ್ಣಳತೆ ಸಾಕು ಅಂದ, ನಾನು ರಸಮಟ್ಟ ಇಡಿಸಿದೆ. ನಮ್ಮದು ಎರೆ ಮಣ್ಣು, ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದಕ್ಕೇ ಪಾಯದ ಹತ್ತಿರ ಬಿಡದೆ ಚರಂಡಿವರೆಗೂ ಪೈಪ್ ಒಯ್ದೆ.

ಸಂದಿ ತುಂಬಿಸಿದ್ದು ಎಲ್ಲಕ್ಕಿಂತ ಕೊನೆಗೆ, ಪೂರ್ತಿ ಒಣಗಿದ ಮೇಲೆ. ಅದೂ ಸಿಮೆಂಟ್ ಅಲ್ಲ, ಹಿಗ್ಗಿ ಕುಗ್ಗುವ ಪಾಲಿಯುರಿಥೇನ್ ಸೀಲಂಟ್. ಮತ್ತೆ ಹತ್ತು ಕೊಡ ಸುರಿದೆ. ಸಂದಿ ಒಣಗೇ ಇತ್ತು.