ಅನ್‌ಲಾಕ್ ಡೇಟ್ ನೋಡಿ ಕ್ರಿಪ್ಟೋ ಟೋಕನ್ ಮಾರೋಕೆ ಹೋಗ್ತಿದ್ದೀರಾ? ಮೊದ್ಲು ಇಷ್ಟು ಚೆಕ್ ಮಾಡಿ

ನಮ್ಮ ಆಫೀಸಲ್ಲಿ ಪಕ್ಕದ ಸೀಟಿನ ಹುಡುಗ ಅನ್‌ಲಾಕ್ ದಿನ ಮೊಬೈಲಲ್ಲಿ ಅಲಾರಂ ಇಟ್ಕೊಂಡು ಕೂರ್ತಿದ್ದ. ಟೈಮಿಗೆ ಸರಿಯಾಗಿ 20 ಪಟ್ಟು ಲಿವರೇಜಲ್ಲಿ (ಕೈಲಿರೋ ದುಡ್ಡಿನ 20 ಪಟ್ಟು ಮೊತ್ತಕ್ಕೆ) ಶಾರ್ಟ್ ಹೊಡಿಯೋದು, ಅಂದ್ರೆ ರೇಟು ಬೀಳುತ್ತೆ ಅಂತ ಬಾಜಿ ಕಟ್ಟೋದು. ಒಂದ್ಸಲ ಬೀಳ್ಬೇಕಾದ ರೇಟು ಐದು ಪರ್ಸೆಂಟ್ ಮೇಲೆ ಹೋಯ್ತು, ಟೀ ಕುಡ್ದು ಬರೋಷ್ಟರಲ್ಲಿ ಹಾಕಿದ್ದ ದುಡ್ಡು ಪೂರ್ತಿ ಖಾಲಿ. ಇಂಥವ್ರನ್ನ ಸುಮಾರು ಜನ ನೋಡಿದೀನಿ, ಅದಕ್ಕೇ ಬರೀತಿದೀನಿ.

ಅನ್‌ಲಾಕ್ ಅಂದ್ರೆ ಟೀಮು, ಶುರುವಲ್ಲೇ ದುಡ್ಡು ಹಾಕಿದ ಇನ್ವೆಸ್ಟರ್‌ಗಳು ಇಷ್ಟು ವರ್ಷ ಮಾರೋ ಹಾಗಿಲ್ಲ ಅಂತ ಹಾಕಿದ್ದ ಬೀಗ ತೆಗೆಯೋದು. ಡೇಟ್ ಹುಡುಕೋದು ಸುಲಭ, ಟೋಕನಾಮಿಸ್ಟ್, ಡಿಫಿಲಾಮಾ ಅನ್ನೋ ಎರಡು ಸೈಟಲ್ಲೂ ಸಿಗುತ್ತೆ, ಟೈಮ್ ಯುಟಿಸಿಲಿ (ಅಂತರರಾಷ್ಟ್ರೀಯ ಸಮಯದಲ್ಲಿ) ಇದ್ರೆ ಐದೂವರೆ ಗಂಟೆ ಸೇರಿಸ್ಕೊಳ್ಳಿ. ಟೆಲಿಗ್ರಾಂನಲ್ಲಿ 'ಅನ್‌ಲಾಕ್ ಸಿಗ್ನಲ್' ಅಂತ ದುಡ್ಡು ಕೇಳೋ ಚಾನೆಲ್‌ಗಳಿಗೆ ಒಂದು ರೂಪಾಯಿನೂ ಕೊಡ್ಬೇಡಿ, ಫ್ರೀಯಾಗಿರೋದನ್ನೇ ಕಾಪಿ ಹೊಡೆದು ಹಾಕ್ತಾರೆ.

ಆಮೇಲೆ ಎಷ್ಟು ಅಂತ ನೋಡಿ. ಒಟ್ಟು ಸಪ್ಲೈ ಜೊತೆ ಹೋಲಿಸ್ಬೇಡಿ, ಈಗ ಮಾರ್ಕೆಟಲ್ಲಿ ಓಡಾಡ್ತಿರೋದ್ರ ಜೊತೆ ಹೋಲಿಸಿ. ಆರ್ಬಿಟ್ರಮ್ ಅನ್ನೋ ಕ್ರಿಪ್ಟೋ ನೆಟ್‌ವರ್ಕ್‌ದು ಒಟ್ಟು 1000 ಕೋಟಿ ಟೋಕನ್, 2024ರ ಮಾರ್ಚ್ 16ಕ್ಕೆ ಬಿಟ್ಟಿದ್ದು ಸುಮಾರು 111 ಕೋಟಿ. ಹನ್ನೊಂದೇ ಪರ್ಸೆಂಟ್ ಅಲ್ವಾ ಅನ್ಸುತ್ತೆ, ಆದ್ರೆ ಶುರುವಲ್ಲಿ ಮಾರ್ಕೆಟಿಗೆ ಬಿಟ್ಟಿದ್ದೇ 127.5 ಕೋಟಿ, ಆ ಲೆಕ್ಕದಲ್ಲಿ 87% ಆಗುತ್ತೆ! ಜೊತೆಗೆ ದಿನದ ವಾಲ್ಯೂಮ್ ನೋಡಿ. ಬರೋ ಮಾಲು ನಾಕೈದು ದಿನದ ವ್ಯಾಪಾರಕ್ಕಿಂತ ಜಾಸ್ತಿ ಇದ್ರೆ ನಾನಂತೂ ಆ ಕಡೆ ತಲೆನೂ ಹಾಕಲ್ಲ.

ಎಲ್ರೂ ಎಡವೋದು ಮುಂದಿನದ್ರಲ್ಲಿ. ಬೀಗ ಯಾರಿಗೆ ತೆಗೀತಿದೆ? ಆ 111 ಕೋಟೀಲಿ 67 ಕೋಟಿ ಚಿಲ್ಲರೆ ಟೀಮು, ಅಡ್ವೈಸರ್‌ಗಳಿಗೆ, ಸುಮಾರು 44 ಕೋಟಿ ಇನ್ವೆಸ್ಟರ್‌ಗಳಿಗೆ. ಇವ್ರಿಗೆ ಬಿದ್ದಿರೋ ರೇಟು ನಮ್ಮ ರೇಟಿಗಿಂತ ಎಷ್ಟೋ ಕಮ್ಮಿ, ಅರ್ಧಕ್ಕೆ ಮಾರಿದ್ರೂ ಲಾಭ. ಅದೇ ಫೌಂಡೇಶನ್ (ಪ್ರಾಜೆಕ್ಟ್ ನೋಡ್ಕೊಳ್ಳೋ ಸಂಸ್ಥೆ) ಖಜಾನೆಗೆ ಹೋಗೋ ಟೋಕನ್ ಆದ್ರೆ ಗ್ರಾಂಟ್ ಕೊಡೋವರೆಗೂ ವಾಲೆಟಲ್ಲೇ ಕೂತಿರುತ್ತೆ. ಇನ್ನೊಂದು ವಿಷ್ಯ, ದೊಡ್ಡ ಇನ್ವೆಸ್ಟರ್ ಆ ದಿನದವರೆಗೂ ಕಾಯ್ತಾ ಕೂರಲ್ಲ. ವಾರಗಟ್ಲೆ ಮುಂಚೆನೇ ಫ್ಯೂಚರ್ಸಲ್ಲಿ (ಟೋಕನ್ ಕೊಡದೆ ಬರೀ ರೇಟಿನ ಮೇಲೆ ನಡೆಯೋ ಒಪ್ಪಂದದ ವ್ಯಾಪಾರ) ಶಾರ್ಟ್ ಹಾಕಿ ರೇಟು ಫಿಕ್ಸ್ ಮಾಡ್ಕೊಂಡಿರ್ತಾನೆ, ಇಲ್ಲಾ ಎಕ್ಸ್‌ಚೇಂಜ್ ಹೊರಗಡೆನೇ ಡಿಸ್ಕೌಂಟಿಗೆ ಯಾರಿಗೋ ದಾಟಿಸಿರ್ತಾನೆ. ಅನ್‌ಲಾಕ್ ಆದ್ಮೇಲೆ ಆ ಶಾರ್ಟ್ ಕ್ಲೋಸ್ ಮಾಡೋಕೆ ಅವನು ವಾಪಸ್ ಕೊಳ್ಳಬೇಕು, ನಮ್ಮ ಹುಡುಗ ಬಾಯಿ ಸುಟ್ಕೊಂಡಂಥ ಏರಿಕೆ ಎಷ್ಟೋ ಸಲ ಬರೋದು ಇಲ್ಲಿಂದ್ಲೇ. ಫಂಡಿಂಗ್ ರೇಟ್ (ಫ್ಯೂಚರ್ಸಲ್ಲಿ ಏರುತ್ತೆ ಅನ್ನೋರು, ಬೀಳುತ್ತೆ ಅನ್ನೋರು ಒಬ್ಬರಿಗೊಬ್ಬರು ಆಗಾಗ ಕಟ್ಟೋ ಶುಲ್ಕ) ತುಂಬಾ ನೆಗೆಟಿವ್ ಇದ್ರೆ ಶಾರ್ಟ್ ಹಾಕಿದವ್ರು ಆಗ್ಲೇ ಕಿಕ್ಕಿರಿದು ತುಂಬಿದ್ದಾರೆ ಅಂತ ಅರ್ಥ, ನೀವೂ ಹೋಗಿ ನುಗ್ಗಬೇಡಿ.

ಕೋಲಾರದ ಮಂಡೀಲೂ ಇದೇ ಕಥೆ, ನಾಳೆ ಟೊಮೆಟೊ ಆವಕ ಜಾಸ್ತಿ ಅಂತ ಸುದ್ದಿ ಬಂದ್ರೆ ರೇಟು ಇವತ್ತೇ ಕುಸಿಯುತ್ತೆ. ಉಲ್ಟಾನೂ ಆಗುತ್ತೆ, 2023ರ ಜನವರೀಲಿ ಡಿವೈಡಿಎಕ್ಸ್ ಅನ್ನೋ ಕ್ರಿಪ್ಟೋ ಎಕ್ಸ್‌ಚೇಂಜ್‌ನವರು 15 ಕೋಟಿ ಟೋಕನ್ ಅನ್‌ಲಾಕನ್ನ ಡಿಸೆಂಬರಿಗೆ ಮುಂದೂಡಿದ್ರು, ಆ ಸುದ್ದಿಗೇ ರೇಟು ಜಿಗೀತು. ಆರ್ಬಿಟ್ರಮ್ 2024ರ ಮಾರ್ಚ್ ಶುರುವಲ್ಲಿ ಎರಡು ಡಾಲರ್ ಆಸುಪಾಸು ಇದ್ದಿದ್ದು ಏಪ್ರಿಲ್ ಮಧ್ಯಕ್ಕೆ ಒಂದು ಡಾಲರ್ ಚಿಲ್ಲರೆಗೆ ಬಂತು, ಆದ್ರೆ ಆಗ ಇಡೀ ಮಾರ್ಕೆಟ್ಟೇ ಬಿದ್ದಿತ್ತು, ಪೂರ್ತಿ ಅನ್‌ಲಾಕ್ ತಲೆಗೆ ಕಟ್ಟೋಕಾಗಲ್ಲ.

ಕೊಳ್ಳೋರು ಆ ದಿನ ಕೈಕಟ್ಕೊಂಡು ಕೂತಿರಿ. ಬೀಗ ತೆಗೆದ ವಾಲೆಟಿಂದ ಎಕ್ಸ್‌ಚೇಂಜ್ ಕಡೆ ಟೋಕನ್ ಹೊರಟಿದ್ಯಾ ಅಂತ ಎಕ್ಸ್‌ಪ್ಲೋರರಲ್ಲಿ (ವಾಲೆಟ್‌ಗಳ ವಹಿವಾಟು ಯಾರು ಬೇಕಾದ್ರೂ ನೋಡಬಹುದಾದ ಸೈಟು) ಒಂದು ವಾರ ನೋಡಿ, ಆಮೇಲೆ ಚೂರುಚೂರಾಗಿ ತಗೊಳ್ಳಿ. ಇರೋದನ್ನ ಮಾರೋರು ಎರಡು-ಮೂರು ವಾರ ಮುಂಚೆನೇ ಮಾರಿ. ಪ್ರತಿ ಅನ್‌ಲಾಕಿಗೂ ಒಳಗೆ ಹೊರಗೆ ಓಡಾಡೋದು ನಮ್ಮ ದೇಶದಲ್ಲಂತೂ ದಂಡ, ಲಾಭಕ್ಕೆ 30% ಟ್ಯಾಕ್ಸು, ಮಾರಿದಾಗೆಲ್ಲಾ 1% ಟಿಡಿಎಸ್ಸು, ಒಂದು ಕಾಯಿನ್‌ನ ನಷ್ಟನ ಇನ್ನೊಂದರ ಲಾಭದಲ್ಲಿ ಕಳೆಯೋ ಹಾಗೂ ಇಲ್ಲ.