ಕುಡಿತ ಬಿಡಬೇಕು ಅಂದುಕೊಂಡವರಿಗೆ ಹತ್ತಿರದ ಮೀಟಿಂಗ್ ಹುಡುಕುವುದು ಹೇಗೆ?

ಬೆಳಗ್ಗೆ ಎದ್ದಾಗ ‘ಇನ್ನು ಮುಟ್ಟುವುದಿಲ್ಲ’ ಎಂದು ಆಣೆ ಮಾಡಿದವರಿಗೂ ಸಂಜೆ ಏಳಾದರೆ ಕಾಲು ತಾನಾಗಿ ಬಾರಿನ ಕಡೆ ಎಳೆಯುತ್ತದೆ. ಆ ಹೊತ್ತಿಗೆ ಇದೇ ಕಷ್ಟ ಪಟ್ಟು ಹೊರಗೆ ಬಂದ ನಾಲ್ಕು ಜನ ಜೊತೆಗಿದ್ದರೆ ದೊಡ್ಡ ಬಲ. ಅಂಥವರು ಒಟ್ಟು ಸೇರಿ ಮಾತಾಡುವ ಮೀಟಿಂಗ್ ನಮ್ಮ ಮಂಗಳೂರು, ಉಡುಪಿಯಲ್ಲೇ ನಡೆಯುತ್ತದೆ. ಅವರನ್ನು ತಲುಪುವ ದಾರಿ ಇಲ್ಲಿದೆ.

ಮೊದಲು ಡಾಕ್ಟರು

ದಿನವೂ ಜಾಸ್ತಿ ಕುಡಿಯುವವರು, ಬೆಳಗ್ಗೆಯೇ ಶುರು ಮಾಡುವವರು ಮನೆಯಲ್ಲಿ ಕೂತು ಒಮ್ಮೆಲೇ ನಿಲ್ಲಿಸಬಾರದು. ಬಿಟ್ಟ ಕೆಲವೇ ಗಂಟೆಗಳಲ್ಲಿ ಕೈ ನಡುಗುತ್ತದೆ, ಬೆವರು ಬರುತ್ತದೆ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು-ಮೂರು ದಿನ ಕಳೆದ ಮೇಲೆ ಕೆಲವರಿಗೆ ಇಲ್ಲದ್ದೆಲ್ಲ ಕಾಣುತ್ತದೆ, ಎಲ್ಲಿದ್ದೇನೆ ಎಂಬುದೇ ತಿಳಿಯುವುದಿಲ್ಲ. ಇದರಲ್ಲಿ ಜೀವವೇ ಹೋದದ್ದುಂಟು. ‘ಮನಸ್ಸು ಗಟ್ಟಿ ಮಾಡು, ಸಾಕು’ ಎನ್ನುವ ಮನೆಯವರು ದಯವಿಟ್ಟು ಇದನ್ನು ಗಮನಿಸಿ. ಮಂಗಳೂರಿನವರಿಗೆ ವೆನ್ಲಾಕ್ ಆಸ್ಪತ್ರೆ ಇದೆ, ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ ಇದೆ. ಉಡುಪಿ ಕಡೆಯವರಿಗೆ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಆಸ್ಪತ್ರೆ, ಮಣಿಪಾಲದ ಕಸ್ತೂರ್ಬಾ ಇವೆ. ಮನೋರೋಗ ವಿಭಾಗಕ್ಕೆ ಹೋದರೆ ಎಷ್ಟು ಕುಡಿಯುತ್ತೀರಿ ಎಂದು ಕೇಳುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಔಷಧಿಯ ಲೆಕ್ಕ ಅದರ ಮೇಲೆಯೇ ನಿಂತಿದೆ. ಹೊರಡುವ ಮುಂಚೆ ಅಲ್ಲಿನ ಆಪ್ತ ಸಮಾಲೋಚಕರ ಹತ್ತಿರ ‘ಇಲ್ಲಿ ಹತ್ತಿರ ಮೀಟಿಂಗ್ ಎಲ್ಲಿ ನಡೆಯುತ್ತದೆ?’ ಎಂದು ಕೇಳಿ.

ಯಾವ ಗುಂಪು?

ನಮ್ಮ ಕಡೆ ಮುಖ್ಯವಾಗಿ ಎರಡು ಬಗೆ. ಒಂದು ಎಎ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಶುರುವಾದದ್ದು. ಫೀಸಿಲ್ಲ, ಅರ್ಜಿಯಿಲ್ಲ. ಕುಡಿತ ಬಿಡುವ ಆಸೆ ಇದ್ದರೆ ಸಾಕು, ಜಾತಿ-ಧರ್ಮ ಯಾರೂ ಕೇಳುವುದಿಲ್ಲ. ಚರ್ಚಿನ ಹಾಲ್‌ನಲ್ಲೋ ಶಾಲೆಯ ಕೋಣೆಯಲ್ಲೋ ಸೇರಿದರೂ ಎಎ ಯಾವ ಧರ್ಮಕ್ಕೂ ಸೇರಿದ್ದಲ್ಲ.

ಇನ್ನೊಂದು ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರದ್ದು. ಊರೂರಲ್ಲಿ ಮದ್ಯವರ್ಜನ ಶಿಬಿರ ಮಾಡುತ್ತಾರೆ. ಶಿಬಿರ ಮುಗಿಸಿದವರು ನವಜೀವನ ಸಮಿತಿ ಎಂದು ಸೇರುತ್ತಾರೆ. ಬೆಳ್ತಂಗಡಿ, ಕಾರ್ಕಳ, ಕುಂದಾಪುರದ ಒಳಗಿನ ಹಳ್ಳಿಯವರಿಗೆ ಇದು ಹೆಚ್ಚು ಅನುಕೂಲ ಎಂದು ನನ್ನ ಅನಿಸಿಕೆ, ಏಕೆಂದರೆ ಯೋಜನೆಯ ಸೇವಾಪ್ರತಿನಿಧಿ ಹೆಚ್ಚಿನ ಊರಿನಲ್ಲಿ ಸಿಗುತ್ತಾರೆ. ಮನೆಯ ಹೆಂಗಸರು ಯೋಜನೆಯ ಸ್ವಸಹಾಯ ಸಂಘದಲ್ಲಿದ್ದರೆ ಅವರ ಮೂಲಕವೇ ವಿಚಾರಿಸಬಹುದು.

ಫೋನ್ ಮಾಡಿ

ಎಎ ಭಾರತದ ವೆಬ್‌ಸೈಟಿನಲ್ಲಿ ಸಂಪರ್ಕದ ವಿವರ ಇರುತ್ತದೆ. ಅದು ತಲೆಬಿಸಿ ಎನಿಸಿದರೆ ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿ, ದುಡ್ಡು ಬೀಳುವುದಿಲ್ಲ. ಮನಸ್ಸು ತೀರಾ ಕುಗ್ಗಿದ್ದರೆ ಟೆಲಿ-ಮಾನಸ್ 14416 ಇದೆ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು.

ಹೆಚ್ಚಿನವರು ಸಿಕ್ಕಿಬೀಳುವುದು ಫೋನಿನಲ್ಲಿ. ನಂಬರ್ ಒತ್ತುತ್ತಾರೆ, ಆಚೆಯಿಂದ ‘ಹಲೋ’ ಎಂದ ಕೂಡಲೇ ಕಟ್ ಮಾಡುತ್ತಾರೆ. ಹಾಗಾಗಿ ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ‘ನಮಸ್ಕಾರ, ನನಗೆ ಕುಡಿತ ಬಿಡಬೇಕು ಅಂತ ಇದೆ. ಮೀಟಿಂಗ್ ಎಲ್ಲಿ, ಯಾವ ದಿನ, ಎಷ್ಟು ಗಂಟೆಗೆ?’ ಹೆಸರು ಹೇಳಲೇಬೇಕೆಂದಿಲ್ಲ. ಮಾತು ಯಾವ ಭಾಷೆಯಲ್ಲಿ ನಡೆಯುತ್ತದೆ ಎಂದೂ ಕೇಳಿ, ತುಳುವೋ ಕೊಂಕಣಿಯೋ ಮನೆಮಾತಾದವರಿಗೆ ಅದು ಸಣ್ಣ ವಿಷಯವಲ್ಲ. ಓಪನ್ ಮೀಟಿಂಗಾ, ಕ್ಲೋಸ್ಡಾ ಎಂದು ತಿಳಿದುಕೊಳ್ಳಿ. ಓಪನ್‌ಗೆ ಮನೆಯವರೂ ಬರಬಹುದು, ಕ್ಲೋಸ್ಡ್ ಕುಡಿತದ ತೊಂದರೆ ಇರುವವರಿಗೆ ಮಾತ್ರ. ವಾಪಸು ಬರಲು ಬಸ್ಸು ಇದೆಯಾ ನೋಡಿ. ಕೊನೆಗೆ ‘ಗೇಟಿನ ಹತ್ತಿರ ಯಾರಾದರೂ ನಿಲ್ಲುತ್ತೀರಾ?’ ಎಂದು ಕೇಳಲು ಸಂಕೋಚ ಬೇಡ. ಹೊಸಬರನ್ನು ಕರೆದುಕೊಳ್ಳುವುದು ಅವರಿಗೆ ಖುಷಿಯ ಕೆಲಸ.

ಗುರುತಿನವರು ಸಿಕ್ಕಿದರೆ?

ನಮ್ಮದು ಸಣ್ಣ ಊರು, ಸಿಗಬಹುದು. ಆದರೆ ಅವರೂ ಅದೇ ಕಾರಣಕ್ಕೆ ಬಂದಿರುತ್ತಾರೆ ಅಲ್ವಾ? ಅಲ್ಲಿ ನೋಡಿದ್ದು, ಕೇಳಿದ್ದು ಹೊರಗೆ ಹೋಗಬಾರದು ಎಂಬುದು ಎಎಯಲ್ಲಿ ಎಲ್ಲರೂ ಕಾಪಾಡಿಕೊಂಡು ಬಂದ ಕ್ರಮ. ಆದರೂ ಭಯ ಹೋಗದಿದ್ದರೆ ಮಂಗಳೂರಿನವರು ಉಡುಪಿಗೆ, ಉಡುಪಿಯವರು ಮಂಗಳೂರಿಗೆ ಹೋಗಿ. ಯಾರೂ ತಡೆಯುವುದಿಲ್ಲ.

ಒಳಗೆ ಕುರ್ಚಿಗಳು, ಹತ್ತಿಪ್ಪತ್ತು ಜನ. ಒಬ್ಬೊಬ್ಬರಾಗಿ ತಮ್ಮ ಕತೆ ಹೇಳುತ್ತಾರೆ. ಅಡ್ಡ ಬಾಯಿ ಹಾಕುವುದಿಲ್ಲ, ಬೈಯುವುದಿಲ್ಲ. ನಿಮ್ಮ ಸರದಿ ಬಂದಾಗ ‘ನಾನು ಇವತ್ತು ಸುಮ್ನೆ ಕೇಳುತ್ತೇನೆ’ ಎಂದರೂ ಸರಿ. ಖರ್ಚಿಗೆಂದು ಚೀಲವೊಂದು ಕೈಯಿಂದ ಕೈಗೆ ಬರಬಹುದು, ಹೊಸಬರು ಏನೂ ಹಾಕಬೇಕಾಗಿಲ್ಲ. ಹೊರಡುವಾಗ ಒಬ್ಬರ ಫೋನ್ ನಂಬರ್ ಖಂಡಿತ ತೆಗೆದುಕೊಳ್ಳಿ. ಕ್ರೈಸ್ತರ ಮದುವೆ ಮನೆಯಲ್ಲಿ ಮುನ್ನಾದಿನದ ರೋಸ್ ಶಾಸ್ತ್ರದ ಹೊತ್ತಿಗೋ ದೈವದ ನೇಮದ ರಾತ್ರಿಯೋ ಗ್ಲಾಸು ಎದುರಿಗೆ ಬಂದಾಗ ಕರೆ ಮಾಡಲು ಆ ನಂಬರ್ ಬೇಕಾಗುತ್ತದೆ.

ಮೊದಲನೇ ಮೀಟಿಂಗ್ ಹಿಡಿಸದಿದ್ದರೆ ಬೇರೆ ಗುಂಪಿಗೆ ಹೋಗಿ ನೋಡಿ, ಒಂದೊಂದರ ಜನ ಒಂದೊಂದು ಥರ. ನಡುವೆ ಮತ್ತೆ ಕುಡಿದುಬಿಟ್ಟರೂ ಮುಂದಿನ ವಾರ ಹೋಗಿ ಕೂರಿ, ಅಲ್ಲಿ ಅದಕ್ಕೆ ಯಾರೂ ಮುಖ ತಿರುಗಿಸುವುದಿಲ್ಲ.

ಕುಡಿಯುವವರು ಬರಲು ಒಪ್ಪದಿದ್ದರೆ ಹೆಂಡತಿ, ತಾಯಿ, ಮಕ್ಕಳು ಕಾಯುತ್ತಾ ಕೂರಬೇಕಿಲ್ಲ. ಅವರಿಗಾಗಿಯೇ ಅಲ್-ಅನಾನ್ ಎಂಬ ಬೇರೆ ಗುಂಪು ಇದೆ. ಎಎಗೆ ಫೋನ್ ಮಾಡಿದಾಗಲೇ ಅದರ ವಿಷಯವನ್ನೂ ಕೇಳಿಕೊಳ್ಳಿ.